ತಿಂಗಳಿಗೊಂದು ಇಂಜೆಕ್ಷನ್: ಔಷಧಿ ಮುಗಿದ ಮೇಲೆ ಪಾಲಿಮರ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್. ತಿಂಗಳಿಗೊಮ್ಮೆ ಲ್ಯುಪ್ರೊಲೈಡ್ ಡಿಪೋ ಇಂಜೆಕ್ಷನ್ ಕೊಡುತ್ತಿದ್ದಾರೆ. ಡಬ್ಬಿಯೊಳಗಿನ ಚೀಟಿ ಓದಿದಾಗ ಅದರಲ್ಲಿ ಪಾಲಿಮರ್ ಇದೆ ಎಂದು ಗೊತ್ತಾಯಿತು. ಪಾಲಿಮರ್ ಅಂದ್ರೆ ಪ್ಲಾಸ್ಟಿಕ್ ಅಲ್ವಾ? ಪ್ರತಿ ತಿಂಗಳೂ ಒಳಗೆ ಹೋದರೆ ಅದು ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುವುದಿಲ್ಲವೇ? ಸರಿಯಾಗಿ ಒಂದು ತಿಂಗಳು ಅಂತ ಅದಕ್ಕೆ ಹೇಗೆ ತಿಳಿಯುತ್ತದೆ? ಇನ್ನೊಂದು ವಿಷಯ, ಚುಚ್ಚಿದ ಜಾಗ ನೋಯುತ್ತದೆ ಎಂದು ಅಪ್ಪ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಾರೆ. ಅದರಿಂದ ತೊಂದರೆ ಇದೆಯೇ?

ಉತ್ತರ: ಪ್ಲಾಸ್ಟಿಕ್ ಎಂದು ನೀವು ಕರೆದದ್ದು ತಪ್ಪಲ್ಲ. ಸಣ್ಣ ಸಣ್ಣ ಅಣುಗಳನ್ನು ಕೊಂಡಿಗಳ ಹಾಗೆ ಒಂದಕ್ಕೊಂದು ಸೇರಿಸಿ ಮಾಡಿದ ಉದ್ದ ಸರಪಳಿಯೇ ಪಾಲಿಮರ್. ಪಾಲಿಥೀನ್ ಚೀಲವೂ ಅದೇ, ನಿಮ್ಮ ತಂದೆಯವರ ಇಂಜೆಕ್ಷನ್‌ನಲ್ಲಿರುವುದೂ ಅದೇ. ಆದರೆ ಇಂಜೆಕ್ಷನ್‌ನಲ್ಲಿರುವುದು ಮೈಯಲ್ಲಿ ಉಳಿಯುವುದಿಲ್ಲ. ಡಿಪೋ ಎಂದರೆ ಮೈಯೊಳಗೆ ಕೂತು ನಿಧಾನಕ್ಕೆ ಔಷಧಿ ಬಿಡುವ ಇಂಜೆಕ್ಷನ್, ಔಷಧಿಯನ್ನು ಪಾಲಿಮರ್‌ನ ಪುಟ್ಟ ಪುಟ್ಟ ಮಣಿಗಳಲ್ಲಿ ತುಂಬಿರುತ್ತಾರೆ. ಇಂಥ ಮಣಿಗಳನ್ನು ತಯಾರಿಸಿ, ಅವು ಒಡೆಯುವುದನ್ನು ನೋಡುತ್ತಾ ವರ್ಷಗಟ್ಟಲೆ ಲ್ಯಾಬ್‌ನಲ್ಲಿ ಕಳೆದವನು ನಾನು. ಜನ ನನ್ನನ್ನು ಅತಿ ಹೆಚ್ಚು ಕೇಳಿರುವುದೂ ಇದನ್ನೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಎಲ್ಲರೂ ಇದು 'ಕರಗುತ್ತದೆ' ಎನ್ನುತ್ತಾರೆ. ಡಾಕ್ಟರುಗಳೂ ಹಾಗೇ ಹೇಳುತ್ತಾರೆ. ಆದರೆ ಅದು ಕರಗುವುದಲ್ಲ, ಒಡೆಯುವುದು. ಉಪ್ಪು ನೀರಿನಲ್ಲಿ ಕರಗಿದಾಗ ಉಪ್ಪು ಉಪ್ಪಾಗಿಯೇ ಇರುತ್ತದೆ, ನೀರು ಆರಿಸಿದರೆ ವಾಪಸ್ ಸಿಗುತ್ತದೆ. ಈ ಪಾಲಿಮರ್ ಹಾಗಲ್ಲ. ನೀರು ಅದರ ಕೊಂಡಿಗಳನ್ನು ಕಡಿಯುತ್ತದೆ, ಕಡಿದ ಮೇಲೆ ಅದು ಪಾಲಿಮರ್ ಆಗಿ ಉಳಿದಿರುವುದೇ ಇಲ್ಲ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಸುಲಭ.

ಲ್ಯುಪ್ರೊಲೈಡ್ ಡಿಪೋದಲ್ಲಿರುವ ಪಾಲಿಮರ್‌ಗೆ ನಾವು ಪಿಎಲ್‌ಜಿಎ ಎನ್ನುತ್ತೇವೆ. ಅದರ ಸರಪಳಿಯಲ್ಲಿ ಎರಡೇ ಬಗೆಯ ಕೊಂಡಿ. ಒಂದು ಲ್ಯಾಕ್ಟಿಕ್ ಆಮ್ಲ, ಇನ್ನೊಂದು ಗ್ಲೈಕೋಲಿಕ್ ಆಮ್ಲ. ಒಂದು ಕೊಂಡಿಯನ್ನು ಮುಂದಿನದಕ್ಕೆ ಸೇರಿಸುವುದು ಎಸ್ಟರ್ ಎಂಬ ಬಂಧ. ಎಸ್ಟರ್‌ನ ಗುಣ ಏನೆಂದರೆ ನೀರಿನ ಅಣು ಬಂದು ಅದನ್ನು ನಿಧಾನಕ್ಕೆ ಬಿಡಿಸಬಲ್ಲದು. ಪಾಲಿಥೀನ್‌ನಲ್ಲಿ ಅಂಥ ಬಂಧ ಒಂದೂ ಇಲ್ಲ, ಉದ್ದಕ್ಕೂ ಇಂಗಾಲಕ್ಕೆ ಇಂಗಾಲ ಅಂಟಿಕೊಂಡಿದೆ, ನೀರಿಗೆ ಎಲ್ಲಿ ಕೈ ಹಾಕಬೇಕೋ ತಿಳಿಯುವುದಿಲ್ಲ. ಅದಕ್ಕೇ ಪಾಲಿಥೀನ್ ಚೂರಾದರೂ ಚೂರು ಪ್ಲಾಸ್ಟಿಕ್ ಆಗಿಯೇ ಉಳಿಯುತ್ತದೆ. ಮೈಕ್ರೋಪ್ಲಾಸ್ಟಿಕ್ ಭಯ ಅದರದ್ದು. ಆ ಭಯವನ್ನು ಪಿಎಲ್‌ಜಿಎ ಮೇಲೆ ಹಾಕುವುದು ಬೇಡ.

ಇನ್ನೊಂದು ಮುಖ್ಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಿಎಲ್‌ಜಿಎ ಒಡೆಯಲು ನಮ್ಮ ಮೈಯ ಕಿಣ್ವಗಳ ಸಹಾಯ ಹೆಚ್ಚುಕಡಿಮೆ ಬೇಡವೇ ಬೇಡ. ನೀರು ಸಾಕು. ಕಿಣ್ವಗಳ ಮೇಲೆ ನಿಂತ ವಸ್ತುಗಳೂ ಇವೆ. ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದ ಹಳೆಯ ಹೊಲಿಗೆ ದಾರ, ಕೊಲಾಜೆನ್, ಜಿಲಾಟಿನ್ ಎಲ್ಲ ಹಾಗೆ. ಆದರೆ ಕಿಣ್ವದ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ತರಹ. ಗಾಯ ಕೀವಾದರೆ ಜಾಸ್ತಿಯಾಗುತ್ತದೆ, ದಾರ ಬೇಗ ಸಡಿಲವಾಗುತ್ತದೆ. ನೀರು ಹಾಗಲ್ಲ, ಎಲ್ಲರ ಮೈಯಲ್ಲೂ ಇದೆ, ಬಿಸಿಯೂ ಎಲ್ಲರಲ್ಲೂ 37 ಡಿಗ್ರಿ ಆಸುಪಾಸು. ಒಂದೇ ಇಂಜೆಕ್ಷನ್ ಯುವಕನಲ್ಲೂ ವಯಸ್ಸಾದವರಲ್ಲೂ ಸರಿಸುಮಾರು ಒಂದೇ ಲೆಕ್ಕದಲ್ಲಿ ಕೆಲಸ ಮಾಡುವುದಕ್ಕೆ ದೊಡ್ಡ ಕಾರಣ ಇದು. 1970ರ ಸುಮಾರಿಗೆ ಗ್ಲೈಕೋಲಿಕ್ ಆಮ್ಲದ ದಾರ ಆಪರೇಷನ್ ಕೋಣೆಗೆ ಬಂತು, ಆಮೇಲೆ ಎರಡೂ ಸೇರಿಸಿ ಮಾಡಿದ ದಾರ ಬಂತು. ಮೈಗೆ ಇದು ಒಗ್ಗುತ್ತದೆ ಎಂಬ ಧೈರ್ಯ ಔಷಧಿ ಮಾಡುವವರಿಗೆ ಸಿಕ್ಕಿದ್ದೇ ಆ ದಾರದಿಂದ. ತಿಂಗಳಿಗೊಮ್ಮೆಯ ಲ್ಯುಪ್ರೊಲೈಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ.

ಈಗ ಒಳಗೆ ಏನಾಗುತ್ತದೆ ನೋಡೋಣ. ನಾವು ಲ್ಯಾಬ್‌ನಲ್ಲಿ ಮಾಡುವ ಪರೀಕ್ಷೆ ಸರಳ. ಸ್ವಲ್ಪ ಮಣಿಗಳನ್ನು ರಕ್ತದಷ್ಟೇ ಪಿಎಚ್ (ಆಮ್ಲದ ಅಳತೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ) ಇರುವ ಉಪ್ಪುನೀರಿನಲ್ಲಿ ಹಾಕಿ 37 ಡಿಗ್ರಿಯಲ್ಲಿ ಇಡುತ್ತೇವೆ, ಕೆಲವು ದಿನಕ್ಕೊಮ್ಮೆ ಒಂದಷ್ಟು ತೆಗೆದು ನೋಡುತ್ತೇವೆ. ಒಣಗಿದ್ದಾಗ ಅದು ಸುಮ್ನೆ ಬಿಳಿ ಪುಡಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಮಾತ್ರ ಗುಂಡು ಗುಂಡಾದ, ನುಣುಪಾದ ಮಣಿಗಳು ಕಾಣುತ್ತವೆ. ಒಂದು ಮಿಲಿಮೀಟರ್‌ನ ನೂರರಲ್ಲಿ ಕೆಲವು ಪಾಲು, ಅಷ್ಟೇ ಅಗಲ. ಮೊದಲ ದಿನವೇ ನೀರು ಮಣಿಯ ಒಳಗೆಲ್ಲ ಸೇರಿಬಿಡುತ್ತದೆ. ಆಮೇಲೆ ಒಂದೆರಡು ವಾರ ಹೊರಗಿನಿಂದ ನೋಡಿದರೆ ಏನೂ ಆದಂತೆ ಕಾಣುವುದಿಲ್ಲ. ತೂಕ ಹಾಕಿದರೆ ಮೊದಲಿನಷ್ಟೇ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ, ಒಡೆಯುವುದು ಶುರುವೇ ಆಗಿಲ್ಲ ಎಂದುಕೊಳ್ಳುತ್ತಾರೆ.

ಶುರುವಾಗಿರುತ್ತದೆ. ಅದೇ ಮಣಿಗಳ ಅಣುತೂಕ, ಅಂದರೆ ಒಂದೊಂದು ಸರಪಳಿಯ ತೂಕ, ಅಳೆದು ನೋಡಿ, ಅಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ. 10,000 ಅಣುತೂಕದ ಒಂದು ಸರಪಳಿಯಲ್ಲಿ ಸುಮಾರು 150 ಕೊಂಡಿಗಳಿರುತ್ತವೆ. ನಡುವೆ ಎಲ್ಲೋ ಒಂದು ಕೊಂಡಿ ಕಡಿದರೆ ಎರಡು ತುಂಡಾಯಿತು, ಸರಾಸರಿ ಉದ್ದ ಅರ್ಧವಾಯಿತು. ಆದರೆ ಎರಡೂ ತುಂಡು ಇನ್ನೂ ಉದ್ದವೇ, ಒಂದರೊಳಗೊಂದು ಸಿಕ್ಕಿಕೊಂಡೇ ಇವೆ, ಒಂದೂ ನೀರಿಗೆ ಇಳಿಯುವುದಿಲ್ಲ. ಅದಕ್ಕೇ ತೂಕ ಕಮ್ಮಿಯಾಗಿಲ್ಲ. ಕಡಿಯುತ್ತಾ ಕಡಿಯುತ್ತಾ ತುಂಡುಗಳು ಹತ್ತು ಹದಿನೈದು ಕೊಂಡಿಯಷ್ಟಕ್ಕೆ ಬಂದಾಗ ಅವು ನೀರಿನಲ್ಲಿ ಬೆರೆಯುವಷ್ಟು ಚಿಕ್ಕದಾಗುತ್ತವೆ. ಆಗ ತೂಕ ದಿಢೀರನೆ ಇಳಿಯುತ್ತದೆ. ಗೆದ್ದಲು ಹಿಡಿದ ಮರ ನೋಡಿದ್ದೀರಲ್ಲ, ಹೊರಗೆ ಬಣ್ಣ ಬಳಿದ ಚೌಕಟ್ಟು ಗಟ್ಟಿಯಾಗಿಯೇ ಕಾಣುತ್ತದೆ, ಒಂದು ದಿನ ಬೆರಳಿನಿಂದ ಒತ್ತಿದರೆ ಒಳಗೆ ಹೋಗಿಬಿಡುತ್ತದೆ. ಪಿಎಲ್‌ಜಿಎ ಒಡೆಯುವುದು ಥೇಟ್ ಹಾಗೆ.

ಗೆದ್ದಲಿನ ಹೋಲಿಕೆ ಇನ್ನೂ ಒಂದು ಕಡೆ ಸರಿಹೊಂದುತ್ತದೆ, ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಆಶ್ಚರ್ಯ ಹುಟ್ಟಿಸಿದ್ದೂ ಅದೇ. ಒಂದು ಎಸ್ಟರ್ ಒಡೆದಾಗಲೆಲ್ಲ ಒಂದು ಆಮ್ಲದ ತುದಿ ಹುಟ್ಟುತ್ತದೆ. ಆಮ್ಲ ಇದ್ದರೆ ಎಸ್ಟರ್ ಇನ್ನೂ ಬೇಗ ಒಡೆಯುತ್ತದೆ. ಮೇಲ್ಮೈಯಲ್ಲಿ ಹುಟ್ಟಿದ ಆಮ್ಲವನ್ನು ಸುತ್ತಲಿನ ದ್ರವ ತೊಳೆದುಕೊಂಡು ಹೋಗುತ್ತದೆ. ಒಳಗೆ ಹುಟ್ಟಿದ್ದು ಅಲ್ಲೇ ಸಿಕ್ಕಿಕೊಂಡು, ಇನ್ನಷ್ಟು ಕೊಂಡಿಗಳನ್ನು ಒಡೆದು, ಇನ್ನಷ್ಟು ಆಮ್ಲವನ್ನು ಹುಟ್ಟಿಸುತ್ತದೆ. ಸುತ್ತಲಿನ ನೀರಿನ ಪಿಎಚ್ 7.4 ಇದ್ದರೂ ಮಣಿಯ ಹೊಟ್ಟೆಯಲ್ಲಿ ಅದು 3ಕ್ಕಿಂತ ಕೆಳಗೆ ಇಳಿದದ್ದನ್ನು ಅಳೆದಿದ್ದಾರೆ. ಹಾಗಾಗಿ ಮಣಿ ಒಳಗಿನಿಂದ ಟೊಳ್ಳಾಗುತ್ತಾ ಬರುತ್ತದೆ. ಒಮ್ಮೆ ಇದೇ ಪಾಲಿಮರ್‌ನಿಂದ ಮಾಡಿದ ಹಳೆಯ ದಪ್ಪ ಕಡ್ಡಿಯೊಂದನ್ನು ಬ್ಲೇಡಿನಿಂದ ಅಡ್ಡಕ್ಕೆ ಕುಯ್ದೆ. ಹೊರಗೆ ತೆಳುವಾದ ಬಿಳಿ ಸಿಪ್ಪೆ, ಒಳಗೆ ಅಂಟಂಟು ದ್ರವ. ಅದಕ್ಕೆ ಪಿಎಚ್ ಕಾಗದ ತಾಗಿಸಿದ ಕೂಡಲೇ ಕೆಂಪಾಯಿತು. ಇದರಿಂದ ಒಂದು ತಲೆಕೆಳಗಾದ ಸಂಗತಿ ಹುಟ್ಟುತ್ತದೆ. ದಪ್ಪ ವಸ್ತು ನಿಧಾನಕ್ಕೆ, ತೆಳು ವಸ್ತು ಬೇಗ ಹೋಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ದಪ್ಪ ಕಡ್ಡಿಯ ಒಡಲು ತೆಳು ಹಾಳೆಗಿಂತ ಬೇಗ ಒಡೆಯುತ್ತದೆ.

ಸರಿ, ಒಂದು ತಿಂಗಳು ಅಂತ ಅದಕ್ಕೆ ಹೇಗೆ ಗೊತ್ತು? ಅದಕ್ಕೆ ಗೊತ್ತಿಲ್ಲ, ನಾವು ಮೊದಲೇ ಕಟ್ಟಿ ಕಳಿಸಿರುತ್ತೇವೆ. ಲ್ಯಾಕ್ಟಿಕ್ ಕೊಂಡಿಯ ಪಕ್ಕಕ್ಕೆ ಮೀಥೈಲ್ ಗುಂಪು ಎಂಬ ಇಂಗಾಲ-ಜಲಜನಕದ ಪುಟ್ಟ ತುಣುಕು ಚಾಚಿಕೊಂಡಿರುತ್ತದೆ, ಅದು ನೀರನ್ನು ದೂರ ತಳ್ಳುತ್ತದೆ. ಗ್ಲೈಕೋಲಿಕ್‌ಗೆ ಅದಿಲ್ಲ. ಹಾಗಾಗಿ ಲ್ಯಾಕ್ಟಿಕ್ ಜಾಸ್ತಿ ಹಾಕಿದಷ್ಟೂ ಪಾಲಿಮರ್ ಹೆಚ್ಚು ದಿನ ಬಾಳುತ್ತದೆ. ಎರಡೂ ಅರ್ಧರ್ಧ ಇದ್ದರೆ ಒಂದೆರಡು ತಿಂಗಳು, ಮುಕ್ಕಾಲು ಲ್ಯಾಕ್ಟಿಕ್ ಆದರೆ ನಾಲ್ಕೈದು ತಿಂಗಳು, ಪೂರ್ತಿ ಲ್ಯಾಕ್ಟಿಕ್ ಆದರೆ ವರ್ಷದ ಮೇಲೆ. ಇದು ಒರಟು ಲೆಕ್ಕ. ಹಾಗಾದರೆ ಪೂರ್ತಿ ಗ್ಲೈಕೋಲಿಕ್ ಎಲ್ಲಕ್ಕಿಂತ ಬೇಗ ಹೋಗಬೇಕಲ್ಲ ಎಂದು ನೀವು ಕೇಳಬಹುದು. ಇಲ್ಲ. ಒಂದೇ ಬಗೆಯ ಕೊಂಡಿಗಳಿದ್ದರೆ ಸರಪಳಿಗಳು ಒತ್ತೊತ್ತಾಗಿ, ಹರಳಿನ ಹಾಗೆ ಜೋಡಿಸಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಬೆರಕೆ ಮಾಡಿದಾಗ ಆ ಜೋಡಣೆ ಕೆಡುತ್ತದೆ. ಅದಕ್ಕೇ ಅರ್ಧರ್ಧದ ಬೆರಕೆಗೆ ಎಲ್ಲಕ್ಕಿಂತ ಕಮ್ಮಿ ಆಯಸ್ಸು.

ಅನುಪಾತ ಒಂದೇ ಅಲ್ಲ, ಸರಪಳಿ ಎಷ್ಟು ಉದ್ದ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಸರಪಳಿಯಿಂದ ಶುರು ಮಾಡಿದರೆ ಅರ್ಧ ದಾರಿ ನಡೆದೇ ಹೊರಟ ಹಾಗೆ. ಸರಪಳಿಯ ತುದಿ ಆಮ್ಲವಾಗಿ ತೆರೆದಿದ್ದರೆ ಬೇಗ, ಮುಚ್ಚಿದ್ದರೆ ನಿಧಾನ. ನಿಮ್ಮ ಕೈಯಲ್ಲಿರುವ ಔಷಧಿಯಲ್ಲೇ ಇದನ್ನು ನೋಡಬಹುದು. ಲ್ಯುಪ್ರಾನ್ ಡಿಪೋ ಎಂಬ ಬ್ರ್ಯಾಂಡ್‌ನ ತಿಂಗಳ ಡೋಸ್‌ನಲ್ಲಿ 7.5 ಮಿಲಿಗ್ರಾಂ ಔಷಧಿ, ಅದರ ಜೊತೆ 66.2 ಮಿಲಿಗ್ರಾಂ ಲ್ಯಾಕ್ಟಿಕ್-ಗ್ಲೈಕೋಲಿಕ್ ಪಾಲಿಮರ್. ಅದೇ ಬ್ರ್ಯಾಂಡ್‌ನ ಮೂರು ತಿಂಗಳ ಡೋಸ್‌ನಲ್ಲಿ 22.5 ಮಿಲಿಗ್ರಾಂ ಔಷಧಿ, 198.6 ಮಿಲಿಗ್ರಾಂ ಪಾಲಿಮರ್. ನೋಡಿದರೆ ಎರಡೂ ಸರಿಯಾಗಿ ಮೂರು ಪಟ್ಟು. ಆದರೆ ಪಾಲಿಮರ್ ಬೇರೆ, ಮೂರು ತಿಂಗಳಿನದ್ದು ಪೂರ್ತಿ ಲ್ಯಾಕ್ಟಿಕ್. ಅದಕ್ಕೇ ಮೂರು ತಿಂಗಳ ಡೋಸ್‌ನ ಮೂರನೇ ಒಂದು ಭಾಗ ತೆಗೆದು ತಿಂಗಳ ಡೋಸ್ ಎಂದು ಕೊಡಬಾರದು ಎಂದು ಅದರ ಚೀಟಿಯಲ್ಲೇ ಬರೆದಿರುತ್ತಾರೆ. ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹಾಗೆ ಸಲಹೆ ಕೊಟ್ಟರೆ ಖಂಡಿತ ಒಪ್ಪಬೇಡಿ. ಔಷಧಿಯ ತೂಕ ಸರಿ ಇರುತ್ತದೆ, ಬಿಡುಗಡೆಯ ವೇಗ ಪೂರ್ತಿ ತಪ್ಪುತ್ತದೆ.

ಇಲ್ಲಿ ತುಂಬ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಔಷಧಿ ಹೊರಗೆ ಬರುವುದು ಬೇರೆ, ಪಾಲಿಮರ್ ಹೋಗುವುದು ಬೇರೆ. ಎರಡು ಗಡಿಯಾರ ಇದ್ದ ಹಾಗೆ, ಎರಡೂ ಒಟ್ಟಿಗೆ ನಡೆಯಬೇಕೆಂದಿಲ್ಲ. ಮಣಿಯ ಹೊರಮೈಗೆ ಅಂಟಿಕೊಂಡ ಔಷಧಿ ಮೊದಲ ಒಂದೆರಡು ದಿನದಲ್ಲೇ ಹೊರಗೆ ಬಂದುಬಿಡುತ್ತದೆ, ಅದಕ್ಕೆ ನಾವು ಬರ್ಸ್ಟ್ ಎನ್ನುತ್ತೇವೆ. ಅದಕ್ಕೂ ಪಾಲಿಮರ್ ಒಡೆಯುವುದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಕೆಲವು ಮಣಿಗಳಲ್ಲಿ ಒಂದು ಮೌನ. ಔಷಧಿ ಒಳಗೆ ಇದೆ, ದಾರಿ ಇಲ್ಲ. ಸರಪಳಿಗಳು ಸಾಕಷ್ಟು ಚಿಕ್ಕದಾಗಿ, ಮಣಿ ಮೆತ್ತಗಾಗಿ, ಒಳಗೆ ಸುರಂಗಗಳು ತೆರೆದ ಮೇಲೆ ಉಳಿದ ಔಷಧಿ ಹೊರಡುತ್ತದೆ.

ಈ ಮೌನ ಎಷ್ಟು ಉದ್ದ ಇರಬಹುದು ಎನ್ನುವುದಕ್ಕೆ ರಿಸ್ಪೆರಿಡೋನ್ ಒಳ್ಳೆಯ ಉದಾಹರಣೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಎರಡು ವಾರಕ್ಕೊಮ್ಮೆ ಕೊಡುವ ಮೊದಲ ಪಿಎಲ್‌ಜಿಎ ಇಂಜೆಕ್ಷನ್ ಬಂದಾಗ, ಮೊದಲ ಡೋಸ್ ಕೊಟ್ಟ ಮೇಲೂ ಮೂರು ವಾರ ಮಾತ್ರೆ ನುಂಗಲೇಬೇಕಿತ್ತು. ಏಕೆಂದರೆ ಮುಖ್ಯ ಪ್ರಮಾಣ ಹೊರಗೆ ಬರಲು ಶುರುವಾಗುವುದೇ ಮೂರು ವಾರದ ಮೇಲೆ. ಇಂಜೆಕ್ಷನ್ ಆಯಿತಲ್ಲ ಎಂದು ಮನೆಯವರು ಮಾತ್ರೆ ನಿಲ್ಲಿಸಿಬಿಟ್ಟರೆ ರೋಗಿಗೆ ಆ ಮೂರು ವಾರ ಔಷಧಿಯೇ ಇಲ್ಲ. ಪಾಲಿಮರ್ ಹೇಗೆ ಒಡೆಯುತ್ತದೆ ಎನ್ನುವುದು ಬರೀ ಲ್ಯಾಬ್‌ನವರ ಕುತೂಹಲ ಅಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಲ್ಯುಪ್ರೊಲೈಡ್ ಈ ವಿಷಯದಲ್ಲಿ ಪುಣ್ಯ ಮಾಡಿದ ಔಷಧಿ. ಅದರ ಅಣುವಿನಲ್ಲಿ ಕ್ಷಾರದ ಗುಣ ಇದೆ, ಪಾಲಿಮರ್‌ನ ಆಮ್ಲದ ತುದಿಗಳನ್ನು ಹಿಡಿದುಕೊಂಡು ಕೂರುತ್ತದೆ, ತುದಿಗಳು ಕಳಚಿದ ಹಾಗೆ ತಾನೂ ಸ್ವಲ್ಪ ಸ್ವಲ್ಪವೇ ಹೊರಡುತ್ತದೆ. ಬಿಡುಗಡೆ ಸಮವಾಗಿರುತ್ತದೆ.

ಎಲ್ಲ ಔಷಧಿಗೂ ಈ ಭಾಗ್ಯ ಇಲ್ಲ. ದೊಡ್ಡ ಪ್ರೋಟೀನ್‌ಗಳನ್ನು ಇದರಲ್ಲಿ ತುಂಬುವುದು ಬಹಳ ಕಷ್ಟ. ಮಣಿಯ ಹೊಟ್ಟೆಯ ಆಮ್ಲದಲ್ಲಿ ಅವು ಮುದುಡಿ ಕೆಟ್ಟುಹೋಗುತ್ತವೆ. ಬೆಳವಣಿಗೆಯ ಹಾರ್ಮೋನ್‌ನ ಪಿಎಲ್‌ಜಿಎ ಇಂಜೆಕ್ಷನ್ ಒಂದು 1999ರಲ್ಲಿ ಅನುಮತಿ ಪಡೆದು ಮಾರುಕಟ್ಟೆಗೆ ಬಂತು, 2004ರಲ್ಲಿ ನಿಂತಿತು.

ಈಗ ನಿಮ್ಮ ಮೊದಲ ಭಯಕ್ಕೆ ಬರುತ್ತೇನೆ. ಒಡೆದ ಮೇಲೆ ಉಳಿಯುವುದು ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲ, ಅಷ್ಟೇ. ಲ್ಯಾಕ್ಟಿಕ್ ಆಮ್ಲ ಮೈಗೆ ಹೊಸತಲ್ಲ. ಓಡಿದಾಗ ಸ್ನಾಯುಗಳಲ್ಲಿ ಹುಟ್ಟುವುದು ಅದೇ. ಸುಮ್ನೆ ಕೂತಿದ್ದರೂ ದೊಡ್ಡವರ ಮೈ ದಿನಕ್ಕೆ 100 ಗ್ರಾಂಗಿಂತ ಜಾಸ್ತಿ ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸಿ, ಅಷ್ಟನ್ನೂ ಅವತ್ತೇ ಖರ್ಚು ಮಾಡುತ್ತದೆ. ಜೀವಕೋಶಗಳು ಅದನ್ನು ಉರಿಸಿ ಶಕ್ತಿ ಪಡೆಯುತ್ತವೆ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ, ನೀರಾಗಿ ಮೂತ್ರದಲ್ಲಿ ಹೋಗುತ್ತದೆ. ಗ್ಲೈಕೋಲಿಕ್ ಆಮ್ಲ ಸ್ವಲ್ಪ ನೇರವಾಗಿ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಗ್ಲೈಸಿನ್ ಎಂಬ ಅಮೈನೋ ಆಮ್ಲವಾಗಿ ಅದೇ ದಾರಿ ಹಿಡಿಯುತ್ತದೆ.

ಲೆಕ್ಕ ಹಾಕಿ ನೋಡಿ. 66.2 ಮಿಲಿಗ್ರಾಂ ಪಾಲಿಮರ್ ಒಡೆಯುವಾಗ ನೀರನ್ನೂ ಸೇರಿಸಿಕೊಳ್ಳುತ್ತದೆ, ಹಾಗಾಗಿ ಸುಮಾರು 80 ಮಿಲಿಗ್ರಾಂ ಚಿಲ್ಲರೆ ಆಮ್ಲ ಆಗುತ್ತದೆ. ಅದೂ ಒಂದೇ ದಿನದಲ್ಲಿ ಅಲ್ಲ, ವಾರಗಟ್ಟಲೆ ಹಂಚಿಕೊಂಡು, ದಿನಕ್ಕೆ ಕೆಲವೇ ಮಿಲಿಗ್ರಾಂ. ಮೈ ದಿನವೂ ಲಕ್ಷ ಮಿಲಿಗ್ರಾಂ ನಿಭಾಯಿಸುವ ಕಡೆ ಇದು ಯಾವ ಲೆಕ್ಕ? ಮದ್ಯದ ಚಟ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನ್‌ನ ತಿಂಗಳ ಇಂಜೆಕ್ಷನ್‌ನಲ್ಲಿ 380 ಮಿಲಿಗ್ರಾಂ ಔಷಧಿಗೆ ಮುಕ್ಕಾಲು ಗ್ರಾಂನಷ್ಟು ಪಾಲಿಮರ್ ಇರುತ್ತದೆ, ನಿಮ್ಮ ತಂದೆಯವರದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ. ಅದನ್ನೂ ಮೈ ಸಲೀಸಾಗಿ ಮುಗಿಸುತ್ತದೆ.

ಆದರೆ ನೀವು ಕೇಳಿದ 'ಸೇರಿಕೊಳ್ಳುವುದು' ಒಂದು ಮಟ್ಟಿಗೆ ನಿಜವೂ ಹೌದು, ಅದನ್ನು ಮುಚ್ಚಿಡುವುದಿಲ್ಲ. ಎರಡು ಗಡಿಯಾರದ ಮಾತು ನೆನಪಿಸಿಕೊಳ್ಳಿ. ತಿಂಗಳ ಔಷಧಿ ಮುಗಿದಾಗ ಪಾಲಿಮರ್ ಪೂರ್ತಿ ಮುಗಿದಿರಬೇಕೆಂದಿಲ್ಲ. ಹಿಂದಿನ ಡೋಸ್‌ನ ಖಾಲಿ ಸಿಪ್ಪೆಗಳು ಇನ್ನೂ ಸ್ವಲ್ಪ ಇರುವಾಗಲೇ ಮುಂದಿನ ಡೋಸ್ ಬೀಳಬಹುದು. ಆದರೆ ಅದು ಬೆಳೆಯುತ್ತಲೇ ಹೋಗುವುದಿಲ್ಲ. ಒಂದು ಬರುವ ಹೊತ್ತಿಗೆ ಹಳೆಯದೊಂದು ಹೋಗುತ್ತಿರುತ್ತದೆ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಎಲ್ಲವೂ ಖಾಲಿ. ಒಮ್ಮೆ ಈ ಕಡೆ, ಮುಂದಿನ ಸಲ ಆ ಕಡೆ ಎಂದು ನರ್ಸ್ ಜಾಗ ಬದಲಿಸುವುದಕ್ಕೆ ಇದೂ ಒಂದು ಕಾರಣ. ಅವರು ಮರೆತರೆ ನೀವೇ ನೆನಪಿಸಿ, ಏನೂ ತಪ್ಪಿಲ್ಲ.

ಚುಚ್ಚಿದ ಜಾಗದಲ್ಲಿ ನೋವು, ಕೆಲವೊಮ್ಮೆ ಸಣ್ಣ ಗಂಟು ಏಕೆ? ಹೊರಗಿನ ವಸ್ತು ಯಾವುದೇ ಬರಲಿ, ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಸುತ್ತುವರಿಯುತ್ತವೆ. ಹತ್ತು ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ನೂರರಲ್ಲಿ ಒಂದು ಪಾಲಿಗಿಂತ) ಚಿಕ್ಕ ಚೂರುಗಳನ್ನು ನುಂಗಿಬಿಡುತ್ತವೆ. ದೊಡ್ಡ ಮಣಿ ನುಂಗಲಾಗದೆ, ಹಲವು ಕಣಗಳು ಒಂದಾಗಿ ದೊಡ್ಡ ಕಣವಾಗಿ ಅದರ ಮೇಲೆ ಕೂರುತ್ತವೆ. ಸುತ್ತ ತೆಳುವಾದ ನಾರಿನ ಪೊರೆ ಬೆಳೆಯುತ್ತದೆ. ಪಾಲಿಮರ್ ಹೋದ ಹಾಗೆ ಇವೂ ಚದುರುತ್ತವೆ. ಇದು ಮೈಯ ಸಾಮಾನ್ಯ ಕೆಲಸ. ಆದರೆ ಗಂಟು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ, ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಕಂಡರೆ, ಜ್ವರ ಬಂದರೆ ಇದು ಪಾಲಿಮರ್ ಕೆಲಸ ಎಂದು ಸುಮ್ಮನಿರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಎಲ್ಲ ಪಾಲಿಮರ್‌ಗಳೂ ಗೆದ್ದಲು ಹಿಡಿದ ಹಾಗೆ ಒಡೆಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕೆಲವು ಸೋಪಿನ ಹಾಗೆ ಸವೆಯುತ್ತವೆ, ಹೊರಗಿನಿಂದ ಪದರ ಪದರವಾಗಿ, ಒಳಗೆ ಒಣಗಿಕೊಂಡೇ. ನೀರು ಒಳಗೆ ನುಗ್ಗುವುದಕ್ಕಿಂತ ಬೇಗ ಕೊಂಡಿಗಳು ಕಡಿಯಬೇಕು, ಆಗ ಹೀಗಾಗುತ್ತದೆ. ಪಾಲಿಅನ್‌ಹೈಡ್ರೈಡ್ ಎಂಬ ಗುಂಪಿಗೆ ಈ ಗುಣ ಇದೆ. ಅದರ ಬಂಧ ನೀರು ತಾಗಿದರೆ ಸಾಕು ಬಿಡುತ್ತದೆ, ಆದರೆ ಉಳಿದ ಮೈ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇದನ್ನು ಮೆದುಳಿನ ಗಡ್ಡೆಗೆ ಬಳಸಿದ್ದು ನನಗೆ ತುಂಬ ಮೆಚ್ಚುಗೆಯಾದ ಕೆಲಸ. ಗ್ಲಿಯಾಡೆಲ್ ಎಂದು ಹೆಸರು, ಎಂಜಿನಿಯರ್ ರಾಬರ್ಟ್ ಲ್ಯಾಂಗರ್ ಮತ್ತು ಮೆದುಳಿನ ಸರ್ಜನ್ ಹೆನ್ರಿ ಬ್ರೆಮ್ ಅವರ ಶ್ರಮ, ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಸಣ್ಣ ನಾಣ್ಯದಷ್ಟು ಅಗಲದ ಬಿಲ್ಲೆ, ಒಂದೊಂದರಲ್ಲೂ 7.7 ಮಿಲಿಗ್ರಾಂ ಕಾರ್ಮಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ಗಡ್ಡೆ ತೆಗೆದ ಮೇಲೆ ಆ ಗುಳಿಯ ಗೋಡೆಗೆ ಎಂಟು ಬಿಲ್ಲೆಗಳವರೆಗೆ ಅಂಟಿಸಿ ತಲೆ ಮುಚ್ಚುತ್ತಾರೆ. ಕಾರ್ಮಸ್ಟಿನ್ ನೀರಿನಲ್ಲಿ ಬೇಗ ಕೆಡುವ ಔಷಧಿ. ಪಿಎಲ್‌ಜಿಎ ಒಳಗಿಟ್ಟರೆ ಮೊದಲ ದಿನವೇ ಒಳಗೆ ಹೋದ ನೀರು ಅದನ್ನು ಹಾಳು ಮಾಡುತ್ತಿತ್ತು. ಸೋಪಿನ ಹಾಗೆ ಸವೆಯುವ ಬಿಲ್ಲೆಯಲ್ಲಿ ಒಳಗಿನ ಔಷಧಿ ತನ್ನ ಸರದಿ ಬರುವವರೆಗೆ ಒಣಗಿ ಭದ್ರವಾಗಿರುತ್ತದೆ. ಮೂರು ವಾರದಲ್ಲಿ ಬಿಲ್ಲೆಯ ಪಾಲಿಮರ್ 70 ಶೇಕಡಕ್ಕಿಂತ ಜಾಸ್ತಿ ಒಡೆದಿರುತ್ತದೆ. ಯಾವ ಔಷಧಿಗೆ ಯಾವ ಪಾಲಿಮರ್ ಎನ್ನುವುದು ಹೀಗೆ ನೀರಿನ ದಾರಿ ನೋಡಿ ತೀರ್ಮಾನವಾಗುತ್ತದೆ.

ನಿಧಾನ ಒಡೆಯುವುದು ಯಾವಾಗಲೂ ಒಳ್ಳೆಯದು ಎಂದೇನೂ ಇಲ್ಲ. ಹೃದಯದ ರಕ್ತನಾಳಕ್ಕೆ ಪೂರ್ತಿ ಲ್ಯಾಕ್ಟಿಕ್ ಪಾಲಿಮರ್‌ನಿಂದ ಮಾಡಿದ, ಸುಮಾರು ಮೂರು ವರ್ಷದಲ್ಲಿ ಮಾಯವಾಗುವ ಸ್ಟೆಂಟ್ ಒಂದು ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆಯಿತು, ಅಬ್ಸಾರ್ಬ್ ಎಂದು ಹೆಸರು. ಲೋಹದ ಸ್ಟೆಂಟಿಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡುಬಂದು, 2017ರಲ್ಲಿ ಮಾರಾಟ ನಿಲ್ಲಿಸಿದರು. ಅಷ್ಟು ಬಲ ಬೇಕೆಂದರೆ ಅದರ ಕಡ್ಡಿಗಳನ್ನು ದಪ್ಪ ಮಾಡಬೇಕಿತ್ತು, ದಪ್ಪ ಕಡ್ಡಿ ರಕ್ತದ ಹರಿವಿಗೆ ಅಡ್ಡ ನಿಲ್ಲುತ್ತದೆ. ಸ್ನಾಯುವಿನಲ್ಲಿ ಕೂರುವ ಮಣಿಗೆ ಈ ಚಿಂತೆ ಇಲ್ಲ. ಅದು ಏನನ್ನೂ ಎತ್ತಿ ಹಿಡಿಯಬೇಕಾಗಿಲ್ಲ, ಸುಮ್ನೆ ಒಡೆದುಕೊಂಡು ಹೋದರೆ ಸಾಕು.

ಈಗ ಬಿಸಿನೀರಿನ ಚೀಲ. ಇದನ್ನು ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಹೆಚ್ಚಿನವರು ಕೇಳುವುದೇ ಇಲ್ಲ. ಅಪ್ಪನಿಗೆ ಬೇಡ ಎಂದು ಹೇಳಿ. ಪಿಎಲ್‌ಜಿಎ ಒಣಗಿದ್ದಾಗ 45ರಿಂದ 55 ಡಿಗ್ರಿ ಹತ್ತಿರ ಗಟ್ಟಿತನ ಬಿಟ್ಟು ಮೆತ್ತಗಾಗುತ್ತದೆ. ನೀರು ಕುಡಿದ ಮೇಲೆ ಇನ್ನೂ ಕೆಳಗಿನ ಬಿಸಿಯಲ್ಲೇ ಮೆತ್ತಗಾಗುತ್ತದೆ, ಅಂದರೆ ಮೈಯ ಬಿಸಿಗೆ ತೀರ ಹತ್ತಿರ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ನಮಗೆ ತಿಂಗಳವರೆಗೆ ಕಾಯಲು ಪುರುಸೊತ್ತಿಲ್ಲದಾಗ ಮಣಿಗಳನ್ನು 45 ಡಿಗ್ರಿಯಲ್ಲೋ 50 ಡಿಗ್ರಿಯಲ್ಲೋ ಇಟ್ಟು ಪರೀಕ್ಷೆ ಮಾಡುತ್ತೇವೆ, ವಾರಗಳ ಬಿಡುಗಡೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಳದ ಸ್ನಾಯುವಿಗೆ ಚೀಲದ ಬಿಸಿ ಅಷ್ಟು ಮುಟ್ಟುವುದಿಲ್ಲ, ಹಿಂದೆ ಇಟ್ಟುಕೊಂಡಿದ್ದಕ್ಕೆ ಗಾಬರಿಯಾಗಬೇಡಿ. ಆದರೆ ಔಷಧಿ ನಿಧಾನಕ್ಕೆ ಬರಲಿ ಎಂದು ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಮೇಲೆ ಅದನ್ನು ಅವಸರ ಮಾಡುವ ಕೆಲಸ ಏಕೆ? ಜೋರಾಗಿ ತಿಕ್ಕುವುದೂ ಬೇಡ. ನೋವು ತಡೆಯಲಾಗದಷ್ಟು ಇದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲಿ.

ಬಿಸಿ ಮತ್ತು ತೇವದ ವಿಷಯದಲ್ಲಿ ನಾನು ಇಷ್ಟು ಎಚ್ಚರ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಫ್ರೀಜರ್‌ನಿಂದ ಪಾಲಿಮರ್ ಬಾಟಲಿ ತೆಗೆದು, ಕೋಣೆಯ ಬಿಸಿಗೆ ಬರುವವರೆಗೆ ಕಾಯದೆ ಮುಚ್ಚಳ ತೆರೆದೆ. ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಕೂತಿತು, ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಮುಚ್ಚಿ ವಾಪಸ್ ಇಟ್ಟೆ. ಕೆಲವು ತಿಂಗಳಾದ ಮೇಲೆ ಅದೇ ಬಾಟಲಿಯಿಂದ ಮಾಡಿದ ಮಣಿಗಳು ನಾಲ್ಕು ವಾರ ಬಾಳುವ ಬದಲು ಎರಡೂವರೆ ವಾರದಲ್ಲೇ ಖಾಲಿಯಾದವು. ಅಣುತೂಕ ಅಳೆದಾಗ ಸರಪಳಿಗಳು ಬಾಟಲಿಯಲ್ಲೇ ಕಡಿದುಹೋಗಿದ್ದವು. ಮೈಯೊಳಗೆ ನೀರು ಮಾಡುವ ಕೆಲಸವನ್ನು ಅಷ್ಟು ತೇವವೇ ಮುಂಚಿತವಾಗಿ ಮಾಡಿಟ್ಟಿತ್ತು. ಹಾಗಾಗಿ ಇಂಜೆಕ್ಷನ್ ಡಬ್ಬಿಯನ್ನು ಮನೆಗೆ ತರುವವರಾದರೆ, ಅದರ ಮೇಲೆ ಎಷ್ಟು ಡಿಗ್ರಿಯಲ್ಲಿ ಇಡಬೇಕೆಂದು ಬರೆದಿದೆಯೋ ಅಷ್ಟರಲ್ಲೇ ಇಡಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಪುಡಿಯನ್ನು ದ್ರವಕ್ಕೆ ಬೆರೆಸಿದ ಮೇಲೆ ತಡ ಮಾಡದೆ ಚುಚ್ಚಿಸಿಕೊಳ್ಳಬೇಕು.

ತಾರೀಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲ್ಯುಪ್ರೊಲೈಡ್ ಮೊದಲ ವಾರ ಟೆಸ್ಟೋಸ್ಟೆರೋನ್ ಅನ್ನು, ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ನೆರವಾಗುವ ಗಂಡು ಹಾರ್ಮೋನನ್ನು, ಸ್ವಲ್ಪ ಏರಿಸಿ, ಆಮೇಲೆ ಎರಡರಿಂದ ನಾಲ್ಕು ವಾರದೊಳಗೆ ತೀರ ಕೆಳಗೆ ಇಳಿಸುತ್ತದೆ. ಆ ಮಟ್ಟ ಅಲ್ಲೇ ನಿಲ್ಲಬೇಕೆಂದರೆ ಔಷಧಿ ಬರುತ್ತಲೇ ಇರಬೇಕು. ಮಣಿಗಳು ಖಾಲಿಯಾದ ಮೇಲೆ ಟೆಸ್ಟೋಸ್ಟೆರೋನ್ ಮತ್ತೆ ಏರಬಹುದು. ಒಂದೆರಡು ದಿನ ಹೆಚ್ಚುಕಮ್ಮಿಯಾದರೆ ಚಿಂತೆಯಿಲ್ಲ. ಅದಕ್ಕಿಂತ ತಡವಾಗುವ ಸಂದರ್ಭ ಬಂದರೆ ಮುಂಚಿತವಾಗಿ ಡಾಕ್ಟರಿಗೆ ತಿಳಿಸಿ. ಮುಂದಿನ ಡೋಸ್‌ನ ದಿನವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ, ಪಕ್ಕದಲ್ಲೇ ಈ ಸಲ ಎಡಗಡೆಯೋ ಬಲಗಡೆಯೋ ಎಂದೂ ಬರೆದುಕೊಳ್ಳಿ.